ಚನ್ನವ್ವನ ಮುಖ ಮತ್ತು ಕುಂಕುಮ ಹಚ್ಚಿದ ಕ್ಯಾಮೆರಾ

ಗದಗ, 2291ನೆಯ ಇಸವಿಯ ಹದಿಮೂರನೆಯ ತಿಂಗಳು
(ತಿಂಗಳು ಒಂದು ಹೆಚ್ಚಿಗೆ ಬಂದಿದೆ, ಆ ಕಥೆ ಈಗ ಬೇಡ)

ತೋಟಪ್ಪಜ್ಜನವರಿಗೆ, ನಿಮ್ಮಿಂದ ಹತ್ತು ತಲೆ ಈಚೆಯ ಹೊನ್ನಗಂಗಳ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ವಿಡಿಯೊಗಳಿಂದಲೇ ಕಲಿತೆ, ಅವುಗಳಲ್ಲಿ ಅರ್ಧ ಬರೀ ಗಾಳಿಯ ಸದ್ದು. ಈ ಕಾಗದ ಹಿಂದೋಲೆಯಲ್ಲಿ ಬರುತ್ತಿದೆ. ಹಿಂದೋಲೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ; ಒಬ್ಬರಿಗೆ ಜನ್ಮಕ್ಕೊಂದೇ ಸಿಗುತ್ತದೆ. ಬೇರೆಯವರು ಅದರಲ್ಲಿ ಯುದ್ಧ ನಿಲ್ಲಿಸಿ, ಕೆರೆ ಮುಚ್ಚಬೇಡಿ ಎಂದೆಲ್ಲ ಬರೆಯುತ್ತಾರೆ. ನಾನು ಕ್ಯಾಮೆರಾ ಒರೆಸಿ ಎಂದು ಬರೆಯುತ್ತಿದ್ದೇನೆ. ನನ್ನ ಹಣೆಬರಹ.

ವಿಷಯ ಇಷ್ಟೇ. ನನಗೆ ಮಗಳು ಹುಟ್ಟಿದ್ದಾಳೆ, ನಾಡಿದ್ದು ಮೊಗದೋರು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಯಾರ ಹೆಸರಿಡುತ್ತೇವೋ ಅವರ ಮುಖವನ್ನು ಅದಕ್ಕೆ ತೋರಿಸಬೇಕು. ಮುಖ ಸಿಗದಿದ್ದರೆ ಆ ಹೆಸರಿಡುವಂತಿಲ್ಲ. ನಿಮ್ಮ ಹೆಂಡತಿ ಚನ್ನವ್ವನ ಹೆಸರನ್ನೇ ಇಡಬೇಕೆಂದು ನನ್ನ ಅವ್ವ ಸಾಯುವ ಮುಂಚೆ ಮಾತು ತೆಗೆದುಕೊಂಡಿದ್ದಾಳೆ. ಚನ್ನವ್ವ ಖಾನಾವಳಿ ನಡೆಸಿ ಹೆಣ್ಣುಮಕ್ಕಳನ್ನೆಲ್ಲ ಓದಿಸಿದಳಂತೆ. ನಮ್ಮ ವಂಶ ನಿಂತಿರುವುದೇ ಆ ರೊಟ್ಟಿಯ ಮೇಲೆ. ಅವಳ ಫೋನಿನಲ್ಲಿ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಇಡೀ ಭಾರ ನಿಮ್ಮ ಫೋನಿನ ಮೇಲೆ ಬಿತ್ತು.

ಹಳೆಯ ಚಿತ್ರಗಳನ್ನು ಕೂಡಿಡುವ ಚಿತ್ರಕಣಜದಲ್ಲಿ ಕೂತು ನಿಮ್ಮವನ್ನೆಲ್ಲ ತೆಗೆಸಿದೆ. ರಾಶಿ ರಾಶಿ ಇವೆ, ಒಂದರಲ್ಲೂ ಚನ್ನವ್ವನಿಗೆ ಮೂಗಿಲ್ಲ. ಮೊದಲು ನಿಮ್ಮ ಕೈ ನಡುಗುತ್ತದೆ ಅಂದುಕೊಂಡೆ. ಆಮೇಲೆ ಗಿರ್ಮಿಟ್ ತಿಂದ ಕೈಯ ಎಣ್ಣೆ ಎಂದುಕೊಂಡೆ, ಅದೂ ಇತ್ತೆನ್ನಿ. ಆಮೇಲೆ ಗೊತ್ತಾಯಿತು, ಫೋನನ್ನು ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಿರಿ. ಕೈಯ ನಡುಕ ತಡೆಯಲೆಂದು ಆ ಕ್ಯಾಮೆರಾದೊಳಗೆ ಒಂದು ಪುಟ್ಟ ಮಸೂರ ತೂಗುತ್ತಿರುತ್ತದೆ, ಎಂಜಿನ್ನಿನ ನಡುಕಕ್ಕೆ ಅದು ಹದಗೆಟ್ಟುಹೋಗಿದೆ. ಗದಗದಿಂದ ಪಕ್ಕದ ಬೆಟಗೇರಿಗೆ ಹೋಗಲು ನಿಮಗೆ ನಕ್ಷೆ ಬೇಕಿತ್ತೇ, ಅಜ್ಜ? ಸಾಲದ್ದಕ್ಕೆ ಗಣಪತಿ ಕಳಿಸುವಾಗ ಡಿಜೆಯ ಲೇಸರಿಗೇ ಕ್ಯಾಮೆರಾ ಹಿಡಿದಿರಿ. ಅಲ್ಲಿಂದಾಚೆ ಪ್ರತಿ ಚಿತ್ರಕ್ಕೂ ಒಂದು ಹಸಿರು ಗೆರೆ.

ಇಷ್ಟಾದರೂ ಆಕಾರವಾದರೂ ಕಾಣುತ್ತಿತ್ತು. ಒಂದು ಆಯುಧಪೂಜೆಯಿಂದ ಎಲ್ಲದರ ಮೇಲೂ ಕೆಂಪು ಮೋಡ ಕವಿಯಿತು. ಕಾರಣ ನಿಮ್ಮ ತಂಗಿಯ ಫೋನಿನಲ್ಲಿ ಸಿಕ್ಕಿತು; ಅದರಲ್ಲೂ ಚನ್ನವ್ವ ಇಲ್ಲ, ಒಲೆಯ ಮುಂದಿದ್ದಳೇನೋ. ಪಾನಾ, ಸ್ಕ್ರೂಡ್ರೈವರ್, ಬೈಕಿನ ಕೀಲಿಯ ಜೊತೆ ನಿಮ್ಮ ಫೋನನ್ನೂ ಬೋರಲು ಮಲಗಿಸಿ, ಭಕ್ತಿಯಿಂದ ಗಂಧ ತೇದು ಕುಂಕುಮ ಹಚ್ಚಿದ್ದೀರಿ. ಎಲ್ಲಿ? ಸರಿಯಾಗಿ ಕ್ಯಾಮೆರಾದ ಕಣ್ಣಿಗೆ. ಆಮೇಲೆ ಒಣಗಿದ್ದನ್ನು ಲುಂಗಿಯಿಂದ ಉಜ್ಜಿರಬೇಕು, ಗೀರುಗಳೇ ಹೇಳುತ್ತವೆ. ಇಷ್ಟೆಲ್ಲ ಮಾಡಿ ಅಲುಗಾಡಬ್ಯಾಡ ಅಂತ ಪ್ರತಿ ಸಲ ಚನ್ನವ್ವನನ್ನೇ ಗದರಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಸುಕು ತಿದ್ದುವ ಯಂತ್ರ ನಮ್ಮಲ್ಲೂ ಇದೆ. ಚನ್ನವ್ವನನ್ನು ಕೊಟ್ಟರೆ ಅದು ತನಗೆ ತೋಚಿದ ಮೂಗು ಕಣ್ಣು ಅಂಟಿಸಿ ಯಾರೋ ಒಬ್ಬಳನ್ನು ಕೊಡುತ್ತದೆ. ಯಾರದೋ ಮುಖ ತೋರಿಸಿ ನಮ್ಮ ಅಜ್ಜಿಯ ಹೆಸರಿಡಲೇ? ಇನ್ನು ಸೆಲ್ಫಿಯ ಎದುರಿನ ಕ್ಯಾಮೆರಾ ಮಾತ್ರ ನೆಟ್ಟಗಿತ್ತು. ಅದರಲ್ಲಿ ಇರುವುದು ನೀವೊಬ್ಬರೇ, ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ.

ಕೊನೆಗೆ ಒಂದು ವಿಡಿಯೊ ಸಿಕ್ಕಿತು. ಒಲೆಯ ಮುಂದೆ ಒಂದು ಹಳದಿ ಮಬ್ಬು, ಸೀರೆ ಇರಬೇಕು. ಆದರೆ ದನಿ ಸ್ವಚ್ಛವಾಗಿದೆ. “ಹ್ವಾದ ಸರ್ತಿನೂ ಬಂದೈತಿ ಅಂದ್ರಿ. ನನ್ನ ಮಾರಿ ಖರೇನ ಬಂದೈತೇನ್ರಿ?” ನೀವು ನೋಡಲೂ ಇಲ್ಲ, ಬಂದೈತಿ ಬಂದೈತಿ ಎಂದಿರಿ. ಅದನ್ನು ಕೇಳಿ ನಾನು ಅತ್ತುಬಿಟ್ಟೆ ಅಜ್ಜ, ಅರ್ಧ ಸಿಟ್ಟಿಗೆ.

ಈ ಕಾಗದ ಆ ವಿಡಿಯೊದ ಮರುದಿನವೇ ನಿಮ್ಮ ಕೈ ಸೇರುತ್ತದೆ, ಇನ್ನೂ ಹೊತ್ತು ಮೀರಿಲ್ಲ. ಫೋನನ್ನು ಬೈಕಿನಿಂದ ಕಳಚಿ. ಕುಂಕುಮವನ್ನು ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಉಜ್ಜಬೇಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಎದುರಿನ ಕ್ಯಾಮೆರಾ ಹಚ್ಚಿ ಅವಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ. ಇದ್ಯಾವುದೂ ನಿಮ್ಮಿಂದಾಗದು ಎಂದು ನನಗೆ ಅನುಮಾನ. ಹಾಗಿದ್ದರೆ ಒಂದೇ ಒಂದು ಕೆಲಸ ಮಾಡಿ. ನಿನ್ನ ಮುಖ ಇಲ್ಲಿಯವರೆಗೆ ಒಂದರಲ್ಲೂ ಬಂದಿಲ್ಲ ಎಂದು ಚನ್ನವ್ವನಿಗೆ ನಿಜ ಹೇಳಿಬಿಡಿ. ಮುಂದಿನದನ್ನು ಅವಳು ನೋಡಿಕೊಳ್ಳುತ್ತಾಳೆ.

ಇಂತಿ, ಇನ್ನೂ ಹೆಸರಿಲ್ಲದ ಕೂಸಿನ ತಾಯಿ,
ಹೊನ್ನಗಂಗ