ಭಾನುವಾರದ ಬಾಳೆಹಣ್ಣು

ರೀ,

ನಿಮ್ಮ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಇವತ್ತು ಮಾರಿಬಿಟ್ಟೆ. ನೀವು ತೀರಿಹೋಗಿ ವರ್ಷವಾದರೂ ಅದರ ಖರ್ಚು ನಿಂತಿರಲಿಲ್ಲ. ತಿಂಗಳಿಗೆ ನಾವು ಎರಡು ಏಕಾದಶಿ ಮಾಡಿದರೆ ಅದು ಗ್ಯಾರೇಜಿನಲ್ಲಿ ನಾಲ್ಕು ಮಾಡುತ್ತಿತ್ತು. ಅದರ ಪಾರಣೆಗೆ ಮುಂಬೈಯಿಂದಲೇ ಬಿಡಿಭಾಗ ಬರಬೇಕು.

ಕೊಂಡವರು ಕಮಲಾಪುರದ ಅರುಣಕುಮಾರ. ಓಡಿಸಿ ನೋಡುತ್ತೇನೆ, ನೀವೂ ಬನ್ನಿ ಎಂದರು. ಗಾಜಿಪುರದ ನಮ್ಮ ಮನೆಯಿಂದ ಹೊರಟೆವು. ಪ್ರತಿ ಭಾನುವಾರ ನೀವು ಕರೆಯುತ್ತಿದ್ದ ಆ ಪಕ್ಕದ ಸೀಟಿನಲ್ಲಿ ನಾನು ಕೂತದ್ದು ಇದೇ ಮೊದಲು.

ಕಮಲಾಪುರ ಮುಟ್ಟುತ್ತಲೇ ಎಂಜಿನ್ ಕಾದು ಆವಿ ಎದ್ದಿತು. ರಸ್ತೆ ಬದಿಯಲ್ಲಿ ಹಣ್ಣು ಮಾರುವ ಹೆಂಗಸು, ಯಾರೂ ಕೇಳದಿದ್ದರೂ, ಕೊಡದಲ್ಲಿ ನೀರು ತಂದಳು.

“ಸಾಹೇಬ್ರ ಗಾಡಿ ಅಲ್ರೀ ಅಕ್ಕಾರ? ಪ್ರತಿ ಐತಾರ ಇಲ್ಲೇ ಬಿಸಿ ಆಗಿ ನಿಂದರ್ತಿತ್ತು. ಮನ್ಯಾಗ ಗೊತ್ತಾದ್ರ ಮಾರಿಬಿಡ್ರಿ ಅಂತಾರ ಅಂತ ನಗ್ತಿದ್ರು. ತಡಾ ಆಗಿದ್ದಕ್ಕ ಒಂದು ಡಜನ್ ಕೆಂಪು ಬಾಳಿಹಣ್ಣು ಒಯ್ತಿದ್ರು.”

ಆ ಹಣ್ಣು ಕಂಡರೂ, ತಡವಾಯಿತೆಂದು ನಾನು ಬೈಯುತ್ತಿದ್ದೆ.

“ಗಾಡಿ ಭರೋಸಾದ್ದು ಹೌದಿಲ್ರೀ?” ಎಂದು ಅರುಣಕುಮಾರ ಕೇಳಿದರು.

“ದಾರ್ಯಾಗ ನಿಂದರ್ತದ್ರೀ,” ಎಂದೆ. “ಆದ್ರ ಎಷ್ಟೇ ತಡಾ ಆದ್ರೂ ಮನಿಗಿ ಬರ್ತದ.”

ಅವರು ನಕ್ಕು ಒಪ್ಪಿದರು. ಇನ್ನೊಂದು ಕೀಲಿಯನ್ನೂ ಅವರ ಕೈಗಿಟ್ಟು ಬಸ್ಸು ಹತ್ತಿದೆ. ನಮ್ಮೂರಿನ ಜಗತ್ ಸರ್ಕಲ್ ದಾಟುವ ಹೊತ್ತಿಗೆ ಸಂಜೆಯಾಗಿತ್ತು. ಮನೆಗೆ ಬಂದಾಗ ತಡವಾಗಿತ್ತು, ರೀ. ನಾನೂ ಒಂದು ಡಜನ್ ತಂದಿದ್ದೇನೆ.