ಹಚಾ ಎಂದವನ ಕಾಗದ

ಪ್ರೀತಿಯ ಗೋಣಿ,

ಪ್ರಾಣಿಗಳ ಆಸ್ಪತ್ರೆಯಲ್ಲಿ, ನೀನು ಮಲಗಿರುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಾಯಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನನ್ನ ಹೆಂಡತಿ ಲಕ್ಕಮ್ಮ ಕೇಳಬಹುದು. ಆದರೆ ನಿನ್ನ ಎದುರು ಬಾಯಿ ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನನ್ನ ದನಿ ಕೇಳಿದರೆ ನೀನು ಏಳಲು ನೋಡುತ್ತೀಯಂತೆ, ಕಾಲು ತೆಗೆದ ಜಾಗದ ಹೊಲಿಗೆ ಬಿಟ್ಟುಕೊಳ್ಳಬಹುದಂತೆ. ನನ್ನ ದನಿಗೆ ನೀನು ಇನ್ನೂ ಏಳುತ್ತೀಯಾ ಗೋಣಿ? ಅದನ್ನು ಕೇಳಿದಾಗಿನಿಂದ ನನಗೆ ತಲೆ ಎತ್ತಲು ಆಗುತ್ತಿಲ್ಲ.

ಕೃಷ್ಣರಾಜ ಮಾರುಕಟ್ಟೆಯ ನಮ್ಮ ಈರುಳ್ಳಿ ಅಂಗಡಿಯಲ್ಲಿ, ಒಂದು ಖಾಲಿ ಗೋಣಿಚೀಲದೊಳಗೆ ಸಿಕ್ಕ ಮರಿ ನೀನು. ಮಗಳು ಕುಸುಮಾ ನಿನಗೆ ಏನೇನೋ ಇಂಗ್ಲಿಷ್ ಹೆಸರು ಹುಡುಕಿದಳು. ನೀನು ಗೋಣಿ ಎಂದರೆ ಮಾತ್ರ ಕಿವಿ ನಿಮಿರಿಸುತ್ತಿದ್ದೆ. ಬೆಳಗಾಗುವ ಮುಂಚೆ ಚಾಮರಾಜಪೇಟೆಯ ಮನೆಯಿಂದ ಲಗೇಜ್ ಆಟೋ ಹೊರಟರೆ ಮೊದಲು ಹತ್ತಿ ಕೂರುತ್ತಿದ್ದವನು ನೀನೇ. ಹಮಾಲಿಗಳು ನನ್ನನ್ನು ನೋಡಿದ ಕೂಡಲೇ, "ಅಶ್ವತ್ಥಣ್ಣ, ಎಲ್ಲಿ ನಿಮ್ ಯಜಮಾನ್ರು?" ಎಂದು ನಿನ್ನ ಬಗ್ಗೆಯೇ ಕೇಳುತ್ತಿದ್ದರು. ನೀನು ತಕ್ಕಡಿಯ ಪಕ್ಕ ಕೂತ ಮೇಲೆಯೇ ನಮ್ಮ ಬೋಣಿ. ಮಾರ್ಕೆಟ್ಟಿನ ಪುಂಡ ನಾಯಿಗಳು ಮೂಟೆಯ ಮೇಲೆ ಕಾಲೆತ್ತಲು ಬಂದರೆ ನಾನು "ಹಚಾ!" ಎಂದು ಕೂಗುತ್ತಿದ್ದೆ, ನೀನು ನನಗಿಂತ ಮುಂದೆ ನುಗ್ಗಿ ಅವುಗಳನ್ನು ಓಡಿಸುತ್ತಿದ್ದೆ. ಆ ಮಾತನ್ನು ನಿನಗೆ ಮಾತ್ರ ನಾನು ಯಾವತ್ತೂ ಹೇಳಿದವನಲ್ಲ.

ಕಳೆದ ಭಾನುವಾರ ಕುಸುಮಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸಂಬಂಧ ತಂದ ದೊಡ್ಡಬೈರಪ್ಪ ಹಿಂದಿನ ದಿನವೇ ಬಂದು ಮನೆಯನ್ನೆಲ್ಲ ಒಂದು ಸುತ್ತು ನೋಡಿ, "ಅವ್ರು ಬಹಳ ನೀಟು ಜನ ಕಣಣ್ಣ. ಈ ಮಾರ್ಕೆಟ್ ನಾಯಿ ಸೋಫಾ ಮೇಲೆ ಬಿದ್ಕೊಂಡಿದ್ರೆ ಏನ್ ಅನ್ಕೊಳ್ಳಲ್ಲ? ಸ್ವಲ್ಪ ಆ ಕಡೆ ಕಟ್ಬಿಡು" ಎಂದ. ಲಕ್ಕಮ್ಮನಿಗೆ ಸಿಟ್ಟು ಬಂತು. ನನಗೆ ಬರಬೇಕಿತ್ತು, ಬರಲಿಲ್ಲ. ನನಗೂ ಒಳಗೊಳಗೇ ಹಾಗೆಯೇ ಅನ್ನಿಸಿತ್ತು. ಪಡಸಾಲೆಯ ಖಾಲಿ ಚೀಲಗಳನ್ನು ಅಟ್ಟಕ್ಕೆ ಹಾಕಿದೆ, ಹಳೆಯ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದೆ, ಈರುಳ್ಳಿ ವಾಸನೆಯ ಟವೆಲನ್ನೂ ಬಚ್ಚಿಟ್ಟೆ. ನಮಗೆ ಅನ್ನ ಹಾಕಿದ್ದನ್ನೆಲ್ಲ ಮುಚ್ಚಿಟ್ಟು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೆ. ಉಳಿದದ್ದು ನೀನೊಬ್ಬ.

ನಿನ್ನನ್ನು ಕರೆದುಕೊಂಡು ಹೋಗಿ, ರಸ್ತೆಯ ಆಚೆ ನಿಲ್ಲಿಸಿದ್ದ ಲಗೇಜ್ ಆಟೋಗೆ ಕಟ್ಟಿದೆ. ಅಲ್ಲಾದರೆ ನೀನು ಅಂಗಡಿಗೆ ಹೊರಟೆವೆಂದುಕೊಂಡು ಸುಮ್ಮನೆ ಕೂರುತ್ತೀಯ ಎಂದು ನನಗೆ ಗೊತ್ತಿತ್ತು. ಕಟ್ಟಿದ್ದು ಮೂಟೆ ಬಿಗಿಯುವ ನೀಲಿ ಹಗ್ಗದಲ್ಲಿ. ಮಾರ್ಕೆಟ್ಟಿನಲ್ಲಿ ಲೋಡು ಇಳಿಸುವವರನ್ನು ಕಾಯಿಸಬಾರದೆಂದು ನಾವು ಹಗ್ಗಕ್ಕೆ ಒಂದು ಗಂಟು ಹಾಕುತ್ತೇವೆ, ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳಬೇಕು. ನನ್ನ ಕೈಗೆ ಬರುವುದು ಅದೊಂದೇ ಗಂಟು. ಮನಸ್ಸೆಲ್ಲ ಬರುವ ನೆಂಟರ ಮೇಲೆ ಇತ್ತು, ಕೈ ತನಗೆ ಗೊತ್ತಿದ್ದನ್ನು ಮಾಡಿತು. ನಾಯಿ ಎಳೆಯುತ್ತದೆ ಎಂಬ ಬುದ್ಧಿ ನನಗಿರಲಿಲ್ಲ.

ಗುರುತಿಲ್ಲದ ಜನ ನಮ್ಮ ಮನೆಯೊಳಗೆ ಹೋಗುವುದನ್ನು ನೀನು ಆಟೋ ಮೇಲಿಂದ ನೋಡಿರಬೇಕು. ಜಗ್ಗಿದ ಏಟಿಗೆ ಗಂಟು ಬಿಚ್ಚಿಕೊಂಡಿರಬೇಕು, ಮನೆ ಕಾಯಲು ನೀನು ಓಡಿ ಬಂದೆ. ರಸ್ತೆಯಲ್ಲಿ ಟೆಂಪೊ ನಿನ್ನ ಹಿಂಗಾಲಿನ ಮೇಲೆ ಹರಿದ ಸದ್ದು ಒಳಗೆ ನಮಗೆ ಕೇಳಿಸಲಿಲ್ಲ. ನಾವು ಕೇಸರಿಬಾತಿಗೆ ತುಪ್ಪ ಜಾಸ್ತಿಯಾಯಿತೇ ಎಂದು ಉಪಚಾರದ ಮಾತಾಡುತ್ತಿದ್ದೆವು. ನೀನು ತೆವಳಿಕೊಂಡು ಬಂದು ನೆಂಟರ ಚಪ್ಪಲಿಗಳ ನಡುವೆ ಬಿದ್ದೆ. ಕತ್ತಿನಲ್ಲಿ ನಮ್ಮ ನೀಲಿ ಹಗ್ಗ.

ಹುಡುಗನ ತಂದೆ ಹರಿಕೃಷ್ಣ ಗಾಬರಿಯಿಂದ ಎದ್ದು ನಿಂತರು. "ಅಯ್ಯೋ, ಇದು ನಿಮ್ ನಾಯೀನಾ?"

"ಇಲ್ಲ ಸಾರ್, ಬೀದೀದು. ಯಾವಾಗ್ಲೂ ಹಿಂಗೇ ನುಗ್ತಿರುತ್ತೆ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೈ ಎತ್ತಿ, "ಹಚಾ! ಹಚಾ!" ಎಂದೆ.

ಆ ಮಾತು ನಿನಗೆ ಎಂದು ನಿನಗೆ ಹೊಳೆಯಲೇ ಇಲ್ಲ ಗೋಣಿ. ನಾನು ಇನ್ಯಾವುದೋ ನಾಯಿಯನ್ನು ಓಡಿಸುತ್ತಿದ್ದೇನೆ ಎಂದು ನೀನು ಅಂದುಕೊಂಡೆ. ಜಜ್ಜಿದ ಕಾಲನ್ನು ಎಳೆದುಕೊಂಡು ಬೀದಿಯ ಕಡೆ ತಿರುಗಿದೆ. ಅಲ್ಲಿ ಯಾವ ನಾಯಿಯೂ ಇರಲಿಲ್ಲ. ಆದರೂ ನನ್ನ ಸಹಾಯಕ್ಕೆಂದು ಬೊಗಳಲು ನೋಡಿದೆ, ಗಂಟಲಿನಿಂದ ಉಸಿರಷ್ಟೇ ಬಂತು. ನಾನು ಅದನ್ನು ನೋಡಿದೆ. ನೋಡಿಯೂ ಅಲ್ಲೇ ನಿಂತಿದ್ದೆ.

ಅಷ್ಟರಲ್ಲಿ ಕಾಫಿ ತಂದ ಕುಸುಮಾ ತಟ್ಟೆಯನ್ನು ನೆಲಕ್ಕಿಟ್ಟು, "ಗೋಣೀ!" ಎಂದು ಓಡಿ ಬಂದು ರೇಷ್ಮೆ ಸೀರೆಯಲ್ಲೇ ನಿನ್ನನ್ನು ಎತ್ತಿಕೊಂಡಳು. ಹರಿಕೃಷ್ಣ ನನ್ನ ಮುಖ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕಣ್ಣು ತಗ್ಗಿಸಿ ಚಪ್ಪಲಿ ಹುಡುಕಿಕೊಂಡರು. ಆಮೇಲೆ ಆ ಕಡೆಯಿಂದ ಫೋನು ಬಂದಿಲ್ಲ. ಬಂದರೂ ಏನು ಮುಖ ಇಟ್ಟುಕೊಂಡು ಮಾತಾಡಲಿ?

ಇಲ್ಲಿ ಡಾಕ್ಟರಮ್ಮ, "ಇದು ಸಾಕಿದ್ದಾ, ಬೀದೀದಾ?" ಎಂದು ಕೇಳಿದರು. ಕುಸುಮಾ ನನ್ನ ಕಡೆ ತಿರುಗಿ ಕಾದಳು. "ನಮ್ದು ಮೇಡಂ. ನಮ್ ಮನೇದು. ನಮ್ದೇ" ಎಂದೆ. ಹೇಳಬೇಕಾದ ಕಡೆ ಹೇಳದ ಮಾತನ್ನು ಇಲ್ಲಿ ಎಷ್ಟು ಜೋರಾಗಿ ಹೇಳಿದರೇನು? ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನಾನೂ ಮಾತಾಡಿಸಲು ಹೋಗಿಲ್ಲ. ಹಗ್ಗ ಕಟ್ಟಿದ್ದು ನಾನು, ನಮ್ಮದಲ್ಲ ಎಂದದ್ದೂ ನಾನು. ನಾಚಿಕೆಯಾಗುತ್ತದೆ ಗೋಣಿ. ಅಂಗಡಿಗೆ ಹೋಗಿ ನೀನು ಕೂರುತ್ತಿದ್ದ ಜಾಗ ನೋಡಲು ಧೈರ್ಯವಿಲ್ಲ, ಬಾಗಿಲು ಹಾಕಿಯೇ ಇದೆ.

ಇಷ್ಟು ಬರೆಯುವ ಹೊತ್ತಿಗೆ ಒಳಗಿನಿಂದ ಕುಸುಮಾ ಬಂದು ಎದುರಿಗೆ ನಿಂತಳು. ಕಣ್ಣು ಊದಿಕೊಂಡಿತ್ತು. "ಅಪ್ಪ, ಏನೂ ಮುಟ್ತಿಲ್ಲ ಅದು. ಅಮ್ಮ ಕಲಸಿ ಕಳ್ಸಿದ ಹಾಲನ್ನಕ್ಕೂ ಮುಖ ತಿರುಗಿಸ್ತಿದೆ. ಹಿಂಗೇ ಆದ್ರೆ ಉಳಿಯಲ್ಲ, ನಿಮ್ ತಂದೆಯವ್ರನ್ನೇ ಕರೀರಿ ಅಂದ್ರು ಡಾಕ್ಟ್ರು. ನೀನೇ ಬಂದು ತಿನ್ಸು."

ನನ್ನ ಬಾಯಿಂದ ನೀನು ಕೊನೆಗೆ ಕೇಳಿದ್ದು ಆ ಕೆಟ್ಟ ಮಾತು. ಅದರ ಮೇಲೆ ಯಾವ ಮಾತು ಆಡಲಿ ಎಂದು ತೋಚುತ್ತಿಲ್ಲ. ಕ್ಷಮಿಸು ಎಂದರೆ ನಿನಗೆ ಅರ್ಥವಾಗದು, ನಿನಗೆ ನನ್ನ ಮೇಲೆ ಕೋಪವೇ ಇಲ್ಲವಲ್ಲ. ನಿನ್ನ ಹೆಸರೊಂದೇ ಕರೆಯುತ್ತೇನೆ. ದನಿ ಕೇಳಿದ ಕೂಡಲೇ ಏಳಬೇಡ, ಬಾಲವನ್ನೂ ಆಡಿಸಬೇಡ, ನೋವಾಗುತ್ತದೆ. ಇಷ್ಟು ವರ್ಷ ನೀನೇ ನನ್ನ ಹತ್ತಿರ ಓಡಿ ಬಂದೆ. ಇವತ್ತು ನೀನು ಮಲಗಿರು, ನಾನು ಬರುತ್ತೇನೆ.

ಒಂದು ತುತ್ತು ತಿನ್ನಪ್ಪ. ಬದುಕು.

ನಿನ್ನ ಮನೆಯವನು,
ಅಶ್ವತ್ಥಪ್ಪ