ಅಕ್ಕನ ಚಮಚ

ಮಾರ್ಚ್ ೧೧, ಮಂಗಳವಾರ.

ತುಟಿಯ ಅಂಚಿನಲ್ಲಿ ಮತ್ತೆ ಅದೇ ಚುರುಚುರು. ಬಿಸಿಲಿಗೆ ಹೋಗುವಾಗ ಮುಲಾಮು ಹಚ್ಚಲು ಮರೆತೆ. ನಾಳೆ ನೀರುಗುಳ್ಳೆ ಏಳುತ್ತದೆ. ನನಗದು ಒಂದು ವಾರದ ಪೀಡೆ, ಅಷ್ಟೇ. ಕಿಡ್ನಿ ಕಸಿಯಾಗಿರುವ ಅಕ್ಕನಿಗೆ ಅಂಟಿದರೆ ಜೀವಕ್ಕೇ ಕುತ್ತು ಎಂದಿದ್ದಾರೆ ಡಾಕ್ಟರು. ನಾನೋ, ಗಂಜಿಯ ಬಿಸಿ ನೋಡಲು ಪ್ರತಿ ಚಮಚವನ್ನೂ ನನ್ನ ತುಟಿಗೆ ಸೋಕಿಸಿಯೇ ಉಣಿಸುವವನು. ಚಿಕ್ಕಂದಿನಲ್ಲಿ ಅವಳು ನನಗೆ ಉಣಿಸಿದ್ದೂ ಹಾಗೆಯೇ.

ಇವತ್ತು ಬಟ್ಟಲನ್ನು ಅವಳ ಮುಂದಿಟ್ಟು, ಮಾಸ್ಕ್ ಹಾಕಿಕೊಂಡು ದೂರ ಕೂತೆ.

“ಯಾಕೋ, ನಾನೇನು ಕಚ್ತೀನಾ?”

“ಗುಳ್ಳೆ ಏಳೋ ಹಾಗಿದೆ ಅಕ್ಕ, ಹತ್ರ ಬಂದ್ರೆ ಒಳ್ಳೇದಲ್ಲ.”

“ಗುಳ್ಳೆ, ಒಳ್ಳೆ... ಇದರಲ್ಲೂ ಪ್ರಾಸಾನಾ!” ಎಂದು ನಕ್ಕಳು.

ಮೊದಲ ಚಮಚ ಹೊದಿಕೆಯ ಮೇಲೆ ಚೆಲ್ಲಿತು. ಒರೆಸಲು ಎದ್ದೆ. “ಅಲ್ಲೇ ಕೂತ್ಕೋ” ಎಂದು ಗದರಿ, ನಡುಗುವ ಕೈಯಲ್ಲಿ ಇನ್ನೊಂದು ಚಮಚ ತುಂಬಿಕೊಂಡು ತಾನೇ ಊದಿದಳು. ಅದು ಚೆಲ್ಲಲಿಲ್ಲ.

ಸಂತೋಷವಾಗಬೇಕಿತ್ತು. ನನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.